ಬ್ಯಾಗು ಹಿಡಿದವಳು ಏನು ನೋಡಿದಳು?

(ಸಂಘದ ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಹೋದ ತಿಂಗಳು ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಎಂ.ಟೆಕ್. ಮಾಡಿದೋರು, ಟೆಕ್ನಾಲಜಿ ಬಗ್ಗೆ ಏನಾದ್ರೂ ಮಾತಾಡಿ. ಆದ್ರೆ ಯಾರಿಗೂ ನಿದ್ದೆ ಬರಬಾರದು" ಅಂದರು. ಎರಡು ದಿನ ಯೋಚಿಸಿದೆ. ಆಮೇಲೆ ಅನ್ನಿಸಿತು, ಹೈದರಾಬಾದಿನಲ್ಲಿರುವ ನಮಗೆಲ್ಲ ಚೆನ್ನಾಗಿ ಗೊತ್ತಿರುವ ಒಂದು ಜಾಗದಿಂದಲೇ ಶುರು ಮಾಡಬಹುದಲ್ಲ ಎಂದು. ಊರಿನಿಂದ ನೆಂಟರು ಬಂದರೆ ನಾವು ಏನು ಮಾಡುತ್ತೇವೆ? ಮೊದಲ ದಿನ ಚಾರ್‌ಮಿನಾರ್, ಬಳೆ ಅಂಗಡಿ. ಎರಡನೇ ದಿನ ಗೋಲ್ಕೊಂಡ, ಸಾಲಾರ್‌ಜಂಗ್. ಮೂರನೇ ದಿನ ಬೆಳಿಗ್ಗೆ ಆರಕ್ಕೇ ಎದ್ದು ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿಕೊಂಡು ರಾಮೋಜಿ ಫಿಲ್ಮ್ ಸಿಟಿ. ನಗುತ್ತಿದ್ದೀರಿ ಅಂದರೆ ಎಲ್ಲರ ಮನೆಯಲ್ಲೂ ಇದೇ ಕಥೆ ಅಂತ ಅರ್ಥ.

ಇವತ್ತು ನಾನು ಮಾತಾಡುವುದು ಇಂಥ ಜಾಗಗಳ ಬಗ್ಗೆ. ಒಳಗೆ ಹೋದವರನ್ನು ಬೇರೆಯೇ ಒಂದು ಲೋಕಕ್ಕೆ ಕರೆದುಕೊಂಡು ಹೋಗುವ ಥೀಮ್ ಪಾರ್ಕುಗಳು ನಮಗೆ ಯಾಕೆ ಹಾಗೆ ಅನ್ನಿಸುತ್ತವೆ, ಅದನ್ನು ಹೇಗೆ ಕಟ್ಟುತ್ತಾರೆ, ಮತ್ತು ಅದು ಎಲ್ಲರಿಗೂ ಹಾಗೆಯೇ ಅನ್ನಿಸುತ್ತದೆಯೇ ಎನ್ನುವುದು. ಇಂಗ್ಲಿಷಿನಲ್ಲಿ ಇದಕ್ಕೆ 'ಇಮ್ಮರ್ಸಿವ್' ಅನ್ನುತ್ತಾರೆ, ಅಂದರೆ ಮುಳುಗಿಸುವಂಥದ್ದು. ನಮ್ಮ ಭಾಷೆಯಲ್ಲಿ 'ಮುಳುಗು' ಅನ್ನುವ ಪದ ಸ್ವಲ್ಪ ಹೆದರಿಸುತ್ತದೆ. ಪುಸ್ತಕದಲ್ಲಿ ಮುಳುಗಿದಳು ಅಂದರೂ ಮುಳುಗು, ಕೆರೆಯಲ್ಲಿ ಮುಳುಗಿದಳು ಅಂದರೂ ಮುಳುಗು. ಆ ಎರಡನೇ ಅರ್ಥವನ್ನೂ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮವ್ವ ಧಾರವಾಡದಿಂದ ಬಂದಿದ್ದಳು. ಪದ್ಧತಿಯ ಪ್ರಕಾರ ಮೂರನೇ ದಿನ ಫಿಲ್ಮ್ ಸಿಟಿಗೆ ಹೊರಟೆವು. 1996ರಲ್ಲಿ ಶುರುವಾದ ಜಾಗ, ಜಗತ್ತಿನ ಅತಿ ದೊಡ್ಡ ಚಿತ್ರೀಕರಣ ಸಂಕೀರ್ಣ ಎಂದು ಗಿನ್ನೆಸ್ ದಾಖಲೆಯಲ್ಲಿದೆ. ನಮ್ಮವ್ವನಿಗೆ ಅದೆಲ್ಲ ಬೇಕಿರಲಿಲ್ಲ. ಅವಳು ಕಂಬ ಕಂಡಲ್ಲೆಲ್ಲ ಬೆರಳಿನಿಂದ ತಟ್ಟಿ ನೋಡುತ್ತಿದ್ದಳು, ಮಾರ್ಕೆಟ್ಟಿನಲ್ಲಿ ಕಲ್ಲಂಗಡಿ ತಟ್ಟುವ ಹಾಗೆ. "ಟೊಳ್ಳು ಐತಿ ನೋಡ ಇದು" ಅನ್ನುವುದು, ಮುಂದಕ್ಕೆ ಹೋಗುವುದು. ಒಂದು ಕಡೆ ದೇವಸ್ಥಾನದ ಸೆಟ್ ಇತ್ತು. ಸಿನಿಮಾಕ್ಕೆ ಕಟ್ಟಿದ್ದು, ಪೂಜೆ ಪುನಸ್ಕಾರ ಏನೂ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಅವ್ವನೂ ಅಲ್ಲಿಯ ಗೋಡೆ ತಟ್ಟಿ ನೋಡಿದ್ದಳು. ಆದರೆ ಮೆಟ್ಟಿಲು ಹತ್ತುವ ಮುಂಚೆ ಸದ್ದಿಲ್ಲದೆ ಚಪ್ಪಲಿ ಬಿಟ್ಟಳು.

"ಅವ್ವಾ, ಇದು ಖರೇ ಗುಡಿ ಅಲ್ಲ, ಸೆಟ್ಟು. ನಿನಗ ಗೊತ್ತೈತಲ್ಲ?" ಅಂದೆ.

"ಗೊತ್ತೈತಿ ನನಗ. ಆದ್ರ ಕಾಲಿಗೆ ಗೊತ್ತಿಲ್ಲಲ್ಲ" ಅಂದಳು.

ನಾನು ಎಂ.ಟೆಕ್.ನಲ್ಲಿ ವರ್ಚುವಲ್ ರಿಯಾಲಿಟಿಯ ಮೇಲೆ ಪ್ರಾಜೆಕ್ಟ್ ಮಾಡಿದವಳು. ಎರಡು ಸೆಮಿಸ್ಟರ್ ಓದಿ ಅರ್ಥ ಮಾಡಿಕೊಂಡಿದ್ದನ್ನು ನಮ್ಮವ್ವ ಒಂದೇ ಸಾಲಿನಲ್ಲಿ ಹೇಳಿಬಿಟ್ಟಳು. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆಲ್ ಸ್ಲೇಟರ್ ಎಂಬ ಸಂಶೋಧಕರು 2009ರಲ್ಲಿ ಒಂದು ಲೇಖನ ಬರೆದರು. ಕೃತಕ ಲೋಕದೊಳಗೆ ಹೋದ ಮನುಷ್ಯನಿಗೆ ಎರಡು ಬೇರೆ ಬೇರೆ ಭ್ರಮೆಗಳು ಉಂಟಾಗುತ್ತವೆ ಎನ್ನುವುದು ಅವರ ವಾದ. ಮೊದಲನೆಯದು, 'ನಾನು ಅಲ್ಲಿದ್ದೇನೆ' ಅನ್ನಿಸುವುದು. ಎರಡನೆಯದು, 'ಇಲ್ಲಿ ನಡೆಯುತ್ತಿರುವುದು ನಿಜವಾಗಿ ನಡೆಯುತ್ತಿದೆ' ಅನ್ನಿಸುವುದು. ಇದರಲ್ಲಿ ಮುಖ್ಯವಾದ ಮಾತೆಂದರೆ, ಇದು ಸುಳ್ಳು ಎಂದು ನಮಗೆ ಪೂರ್ತಿ ಗೊತ್ತಿದ್ದರೂ ಈ ಎರಡು ಭ್ರಮೆಗಳು ಹುಟ್ಟಬಲ್ಲವು. ಅಂದರೆ ಇದು ಮೋಸ ಹೋಗುವುದಲ್ಲ. ಬುದ್ಧಿಗೆ ಎಲ್ಲ ಗೊತ್ತಿರುತ್ತದೆ, ಮೈ ಮಾತ್ರ ತನ್ನ ಪಾಡಿಗೆ ತಾನು ನಂಬುತ್ತದೆ.

ಇನ್ನೊಂದು ಪ್ರಯೋಗ ಅಮೆರಿಕದ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯದ್ದು, 2002ರಲ್ಲಿ ಪ್ರಕಟವಾಯಿತು. ಕಣ್ಣಿಗೆ ವಿ.ಆರ್. ಸಾಧನ ಕಟ್ಟಿಕೊಂಡವರಿಗೆ ಒಂದು ಕೋಣೆ ಕಾಣುತ್ತದೆ. ಅದರ ನೆಲದ ನಡುವೆ ಸುಮಾರು 20 ಅಡಿ ಆಳದ ಗುಂಡಿ. ನಿಜವಾಗಿ ಅವರು ನಿಂತಿರುವುದು ಪ್ರಯೋಗಾಲಯದ ಗಟ್ಟಿ ನೆಲದ ಮೇಲೆಯೇ. ಆದರೂ ಗುಂಡಿಯ ಅಂಚಿಗೆ ಬಂದಾಗ ಎದೆಬಡಿತ ಏರುತ್ತಿತ್ತು. ಆಮೇಲೆ ಸಂಶೋಧಕರು ಗುಂಡಿಯ ಅಂಚು ಕಾಣುವ ಜಾಗದಲ್ಲಿ ಒಂದೂವರೆ ಇಂಚು ದಪ್ಪದ ನಿಜವಾದ ಮರದ ಹಲಗೆ ಇಟ್ಟರು. ಪಾದಕ್ಕೆ ಆ ಹಲಗೆಯ ಅಂಚು ತಾಗಿದ್ದೇ ತಡ, ಎದೆಬಡಿತ ಇನ್ನೂ ಜಾಸ್ತಿಯಾಯಿತು. ಒಂದೂವರೆ ಇಂಚು! ನಮ್ಮ ಮನೆಯ ಹೊಸ್ತಿಲಿಗಿಂತ ಕಡಿಮೆ. ಕಣ್ಣಿಗೆ ಎಷ್ಟು ದೊಡ್ಡ ಚಿತ್ರ ತೋರಿಸಿದರೂ ಆಗದ ಕೆಲಸ ಕಾಲಿಗೆ ಒಂದು ಹಲಗೆ ಕೊಟ್ಟರೆ ಆಗುತ್ತದೆ.

ಥೀಮ್ ಪಾರ್ಕು ಕಟ್ಟುವವರಿಗೆ ಈ ಗುಟ್ಟು ಈ ಪ್ರಯೋಗಗಳಿಗಿಂತ ಬಹಳ ಮುಂಚೆಯೇ ಗೊತ್ತಿತ್ತು. 2023ರಲ್ಲಿ ಆಫೀಸಿನ ಕೆಲಸದ ಮೇಲೆ ನಾನು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ನಡುವೆ ಒಂದು ಭಾನುವಾರ ಬಿಡುವು ಸಿಕ್ಕಿತು. ಅಲ್ಲಿಗೆ ಹತ್ತಿರದಲ್ಲೇ ಅನಹೈಮ್ ಊರು. ಜಗತ್ತಿನ ಮೊಟ್ಟಮೊದಲ ಡಿಸ್ನಿಲ್ಯಾಂಡ್ ಇರುವುದು ಅಲ್ಲಿ. ಟಿಕೆಟ್ ನೂರು ಡಾಲರಿಗೂ ಹೆಚ್ಚು. ರೂಪಾಯಿಗೆ ಲೆಕ್ಕ ಹಾಕಿದರೆ ಹೋಗುವುದೇ ಆಗುವುದಿಲ್ಲ ಎಂದು ಲೆಕ್ಕ ಹಾಕದೆ ಹೋದೆ. ಒಬ್ಬಳೇ. ಇದು ಮುಖ್ಯ. ಒಬ್ಬಳೇ, ಕೈಯಲ್ಲಿ ಒಂದು ಫೋನು, ಜೇಬಿನಲ್ಲಿ ಒಂದು ಕಾರ್ಡು.

ಆ ಪಾರ್ಕನ್ನು ಸುತ್ತ ಮಣ್ಣಿನ ದಿಬ್ಬ ಹಾಕಿ ಕಟ್ಟಿದ್ದಾರೆ. ಹೊರಗಿನ ರಸ್ತೆ, ಸಾಮಾನ್ಯ ಕಟ್ಟಡ, ಜಾಹೀರಾತು ಫಲಕ ಒಳಗಿನವರಿಗೆ ಕಾಣಬಾರದು ಎನ್ನುವುದಕ್ಕೆ. ಆ ದಿಬ್ಬದ ಮೇಲೆ ಪುಟ್ಟ ರೈಲು ಓಡುತ್ತದೆ. ನಾವು ಒಳಗೆ ಹೋಗಬೇಕಾದರೆ ರೈಲು ಹಳಿಯ ಕೆಳಗಿನ ಸಣ್ಣ ಸುರಂಗ ದಾಟಬೇಕು. ಬಿಸಿಲಿನಿಂದ ಒಂದು ಕ್ಷಣ ನೆರಳು, ನೆರಳಿನಿಂದ ಆಚೆ ಬಂದರೆ ನೂರು ವರ್ಷ ಹಿಂದಿನ ಅಮೆರಿಕದ ಪೇಟೆ ಬೀದಿ. ನಮ್ಮ ದೇವಸ್ಥಾನಗಳಲ್ಲಿ ಗೋಪುರದ ಬಾಗಿಲು ದಾಟುವಾಗ ಹೀಗೇ ಒಂದು ಕ್ಷಣ ತಂಪು ನೆರಳು ತಾಗುತ್ತದಲ್ಲ, ಅದು ನೆನಪಾಯಿತು.

ಆ ಬೀದಿಯ ಕಟ್ಟಡಗಳ ಮೇಲಿನ ಅಂತಸ್ತುಗಳನ್ನು ಬೇಕೆಂದೇ ಸಣ್ಣ ಅಳತೆಯಲ್ಲಿ ಕಟ್ಟಿದ್ದಾರೆ. ಅದರಿಂದ ಕಟ್ಟಡ ಇರುವುದಕ್ಕಿಂತ ಎತ್ತರ ಕಾಣುತ್ತದೆ, ಆದರೆ ಮೈಮೇಲೆ ಬೀಳುವ ಹಾಗೆ ಹೆದರಿಸುವುದಿಲ್ಲ. ಬೀದಿಯ ಕೊನೆಯಲ್ಲಿ ಕೋಟೆ. ಅದರ ಎತ್ತರ ಬರೀ 77 ಅಡಿ. ನಮ್ಮ ಚಾರ್‌ಮಿನಾರ್‌ನ ಅರ್ಧದಷ್ಟೂ ಇಲ್ಲ! ಅಲ್ಲೂ ಅದೇ ಉಪಾಯ, ಮೇಲಕ್ಕೆ ಹೋದಂತೆ ಕಲ್ಲುಗಳ ಅಳತೆ ಸಣ್ಣದಾಗುತ್ತದೆ. ಮುಚ್ಚಿಡಬೇಕಾದ ಬೇಲಿ, ಬಾಗಿಲು, ಯಂತ್ರಗಳಿಗೆ ಒಂದು ಬಗೆಯ ಮಂಕು ಹಸಿರು ಬಣ್ಣ ಬಳಿಯುತ್ತಾರೆ. ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ, ಜಾರಿ ಮುಂದೆ ಹೋಗುತ್ತದೆ. ಒಂದು ಲೋಕದಿಂದ ಇನ್ನೊಂದಕ್ಕೆ ದಾಟುವಾಗ ಕಾಲ ಕೆಳಗಿನ ನೆಲವೂ ಬದಲಾಗುತ್ತದೆ, ಕಸದ ಡಬ್ಬದ ಬಣ್ಣವೂ ಬದಲಾಗುತ್ತದೆ.

ಮೊದಲೇ ಇದೆಲ್ಲ ಇಷ್ಟು ಸುಸೂತ್ರವಾಗಿತ್ತು ಅಂದುಕೊಳ್ಳಬೇಡಿ. 1955ರ ಜುಲೈ 17, ಉದ್ಘಾಟನೆಯ ದಿನ. ವಿಪರೀತ ಸೆಕೆ. ಹೊಸದಾಗಿ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಹೈಹೀಲ್ ಚಪ್ಪಲಿಗಳು ಅದರಲ್ಲಿ ಹೂತುಕೊಂಡವು. ಕೊಳಾಯಿ ಕೆಲಸದವರ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳು ಸಾಲದೆ ಹೋದವು. ಕಣ್ಣೆದುರು ಕೋಟೆ, ಆದರೆ ಕಾಲು ಡಾಂಬರಿನಲ್ಲಿ, ಗಂಟಲು ಒಣಗಿದೆ. ಇನ್ನೆಲ್ಲಿಯ ಮಾಯಾಲೋಕ? ಪಾದ, ಗಂಟಲು, ಹೊಟ್ಟೆ, ಬಾತ್‌ರೂಮು, ಇವಿಷ್ಟು ಸುಮ್ಮನಿದ್ದರೆ ಮಾತ್ರ ಮನಸ್ಸು ಹಾರುತ್ತದೆ.

ಆಮೇಲೆ ಇನ್ನೊಂದು ಪಾಠ ಕಲಿತರು. ಕೌಬಾಯ್ ವೇಷದ ಕೆಲಸಗಾರನೊಬ್ಬ ಭವಿಷ್ಯದ ಲೋಕವನ್ನು ಹಾದು ತನ್ನ ಕೆಲಸದ ಜಾಗಕ್ಕೆ ನಡೆದು ಹೋಗುತ್ತಿದ್ದುದನ್ನು ವಾಲ್ಟ್ ಡಿಸ್ನಿ ನೋಡಿ ಬೇಜಾರಾದರು ಎಂದು ಹೇಳುತ್ತಾರೆ. 1971ರಲ್ಲಿ ಫ್ಲೋರಿಡಾದಲ್ಲಿ ಇನ್ನೊಂದು ಪಾರ್ಕು ತೆರೆದಾಗ, ಜನ ಓಡಾಡುವ ನೆಲದ ಕೆಳಗೆ ಕೆಲಸಗಾರರಿಗೆಂದೇ ಉದ್ದುದ್ದ ಓಣಿಗಳನ್ನು ಕಟ್ಟಿದರು. ವೇಷ ಹಾಕುವವರು, ಸಾಮಾನು ಸಾಗಿಸುವವರು, ಊಟ ತರುವವರು, ಎಲ್ಲರ ಓಡಾಟ ಅಲ್ಲೇ. ಮೇಲೆ ನಡೆಯುವವರಿಗೆ ಈ ದುಡಿಮೆ ಕಾಣುವುದೇ ಇಲ್ಲ. ಈ ಓಣಿಗಳನ್ನೂ ನೆನಪಿಟ್ಟುಕೊಳ್ಳಿ.

ಈಗ ನನಗೆ ಏನಾಯಿತು ಅನ್ನುವುದನ್ನು ಹೇಳುತ್ತೇನೆ. ಅನಹೈಮ್‌ನಲ್ಲಿ 1967ರಿಂದ ನಡೆಯುತ್ತಿರುವ 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಎಂಬ ದೋಣಿಯಾಟ ಇದೆ. ಅದೇ ಹೆಸರಿನ ಸಿನಿಮಾಗಳು ಹುಟ್ಟಿದ್ದೇ ಇದರಿಂದ. ಹೊರಗೆ ಬೆಳಿಗ್ಗೆ ಹನ್ನೊಂದು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಒಳಗೆ ಹೋಗಿ ದೋಣಿ ಹತ್ತಿದರೆ ಮುಸ್ಸಂಜೆ. ಮೇಲೆ ಕತ್ತಲಾಗುತ್ತಿರುವ ಆಕಾಶ, ನೀರಿನಂಚಿನಲ್ಲಿ ಮಿಣುಕು ಹುಳ, ಜೀರುಂಡೆ ಸದ್ದು, ಕಪ್ಪೆ ವಟಗುಟ್ಟುವುದು. ಒಂದು ಗುಡಿಸಲಿನ ಜಗಲಿಯಲ್ಲಿ ಮುದುಕನೊಬ್ಬ ತೂಗುಕುರ್ಚಿಯಲ್ಲಿ ಕೂತಿದ್ದಾನೆ. ದೋಣಿ ನಿಧಾನಕ್ಕೆ ಹೋಗುತ್ತದೆ. ಕಡಲ್ಗಳ್ಳರು, ಗದ್ದಲ, ಇಳಿಜಾರು, ಎಲ್ಲ ಆಮೇಲೆ. ಮೊದಲ ಕೆಲವು ನಿಮಿಷ ಬರೀ ಸಂಜೆ.

ಆಕಾಶ ಅನ್ನುವುದು ಬಣ್ಣ ಬಳಿದ ಚಾವಣಿ, ಮಿಣುಕು ಹುಳ ಅನ್ನುವುದು ಸಣ್ಣ ದೀಪ, ದೋಣಿ ಹೋಗುವುದು ಕಾಲುವೆಯೊಳಗೆ ಎಂದು ನನಗೆ ಗೊತ್ತು. ಆದರೆ ನನ್ನ ಭುಜಗಳು ಕೆಳಗಿಳಿದವು. ಅಲ್ಲಿಯವರೆಗೆ ಅವು ಮೇಲೆ ಎತ್ತಿಕೊಂಡಿದ್ದವು ಎಂದೇ ನನಗೆ ಗೊತ್ತಿರಲಿಲ್ಲ. ಧಾರವಾಡದಲ್ಲಿ ಅಜ್ಜಿಯ ಮನೆಯ ಕಟ್ಟೆಯ ಮೇಲೆ, ಕರೆಂಟು ಹೋದ ಸಂಜೆಗಳಲ್ಲಿ, ಏನೂ ಮಾಡದೆ ಕೂರುತ್ತಿದ್ದೆವಲ್ಲ, ಅದೇ ಭಾವ. ಯಾರೂ ಏನೂ ಕೇಳುತ್ತಿಲ್ಲ. ಗಂಟೆ ನೋಡಬೇಕಿಲ್ಲ.

ಅಷ್ಟರಲ್ಲಿ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಪಕ್ಕಕ್ಕೆ ಹೋಗಿ ಸೀಟಿನ ಮೇಲೆ ತಡಕಾಡಿತು. ಏನು ಹುಡುಕುತ್ತಿದೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಬ್ಯಾಗು. ನೀರಿನ ಬಾಟಲಿ, ಬಿಸ್ಕತ್ತು, ಮಗನ ಇನ್ನೊಂದು ಚಡ್ಡಿ, ಒದ್ದೆ ಟಿಶ್ಯೂ, ಮಾವನವರ ಬಿ.ಪಿ. ಮಾತ್ರೆ ಇರುವ ಬ್ಯಾಗು. ಅದು ಅಲ್ಲಿರಲಿಲ್ಲ. ಮದುವೆಯಾದ ಮೇಲೆ, ಮಕ್ಕಳಾದ ಮೇಲೆ, ಬ್ಯಾಗಿಲ್ಲದೆ ನಾನು ಒಂದು ಜಾಗ ನೋಡಿದ್ದು ಅದೇ ಮೊದಲು.

ಖುಷಿಯಾಯಿತೇ ಅಂದರೆ, ಮೊದಲು ಆಗಿದ್ದು ಭಯ. ಹೊರಗೆ ಬಂದವಳೇ ಮನೆಗೆ ಫೋನ್ ಮಾಡಿದೆ. ಇಲ್ಲಿ ರಾತ್ರಿ ಹನ್ನೆರಡರ ಹತ್ತಿರ. ಅತ್ತೆಯೇ ಎತ್ತಿದರು. "ಮಕ್ಕಳು ಮಲಗಿದಾವೆ ಕಣಮ್ಮ. ಚಿಕ್ಕೋನಿಗೆ ಸ್ವಲ್ಪ ಕೆಮ್ಮು, ಜೇನುತುಪ್ಪ ಶುಂಠಿ ಕೊಟ್ಟಿದೀನಿ. ನೀನು ನೆಮ್ಮದಿಯಾಗಿ ನೋಡ್ಕೊಂಡು ಬಾ" ಅಂದರು.

ಫೋನಿಟ್ಟ ಮೇಲೆ ಅಲ್ಲೇ ಒಂದು ಬೆಂಚಿನ ಮೇಲೆ ಕೂತೆ. ನನ್ನ ಬ್ಯಾಗು ಮಾಯವಾಗಿರಲಿಲ್ಲ. ಅದು ಇಲ್ಲಿ, ಹೈದರಾಬಾದಿನಲ್ಲಿ, ಅರವತ್ತಾರು ವರ್ಷದ ಅತ್ತೆಯ ಹೆಗಲ ಮೇಲಿತ್ತು. ನಾನು ಸಂಜೆಯಲ್ಲಿ ತೇಲಲಿ ಎಂದು ಅವರು ಮಧ್ಯರಾತ್ರಿ ಎದ್ದು ಕೂತಿದ್ದರು. ಆಗಲೇ ಹೇಳಿದೆನಲ್ಲ, ನೆಲದ ಕೆಳಗಿನ ಓಣಿಗಳು. ನಮ್ಮ ಮನೆಗಳಲ್ಲಿ ಆ ಓಣಿಗಳಲ್ಲಿ ಓಡಾಡುವವರು ಯಾರು ಎಂದು ನಾನು ನಿಮಗೆ ಹೇಳಬೇಕಿಲ್ಲ.

ವಾಪಸು ಬಂದ ಮೇಲೆ ಒಂದು ದಿನ ಸೊಪ್ಪು ಬಿಡಿಸುತ್ತಾ ಅತ್ತೆಯನ್ನು ಕೇಳಿದೆ, "ಅತ್ತೆ, ನೀವು ಫಿಲ್ಮ್ ಸಿಟಿಗೆ ಮೂರು ಸಲ ಹೋಗಿದೀರಲ್ಲ, ನಿಮಗೆ ಏನು ಇಷ್ಟ ಆಯ್ತು?" ಅವರು ಯೋಚಿಸಿದರು. "ಏನಿತ್ತು ಅಲ್ಲಿ... ತೋಟ ಚೆನ್ನಾಗಿತ್ತು. ಹೋಟೆಲ್ ಪಕ್ಕ ನೆರಳಿತ್ತು, ಅಲ್ಲೇ ಬುತ್ತಿ ಬಿಚ್ಚಿದ್ವಿ. ಮಗೂಗೆ ಚಪ್ಪಲಿ ಕಚ್ಚಿತ್ತು, ಅದಕ್ಕೆ ಬಟ್ಟೆ ಕಟ್ಟಿದ್ದೆ." ಆಮೇಲೆ ಸುಮ್ಮನಾದರು. ಮೂರು ಸಲ ಹೋದವರ ನೆನಪಿನಲ್ಲಿ ಉಳಿದದ್ದು ನೆರಳು, ಬುತ್ತಿ, ಮಗುವಿನ ಕಾಲು. ನನ್ನನ್ನು ಯಾರಾದರೂ ಕೇಳಿದ್ದರೂ ಉತ್ತರ ಇದಕ್ಕಿಂತ ಬೇರೆ ಇರುತ್ತಿರಲಿಲ್ಲ. ಟಾಯ್ಲೆಟ್ ಎಲ್ಲಿದೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ಇಷ್ಟೇ.

ಇದನ್ನು ನಾನು ಓದಿದ ಲೆಕ್ಕದಲ್ಲೇ ಇಟ್ಟು ನೋಡಿದೆ. 'ನಾನು ಅಲ್ಲಿದ್ದೇನೆ' ಅನ್ನುವ ಭ್ರಮೆ ಒಡೆಯುವುದು ಯಾವಾಗ? ಹೊರಗಿನ ಲೋಕ ನಡುವೆ ನುಗ್ಗಿದಾಗ. ವಿ.ಆರ್. ಹಾಕಿಕೊಂಡವರಿಗೆ ಕಾಲಿಗೆ ವೈರು ತೊಡರಿದರೆ ಸಾಕು, ಕಟ್ಟಿದ ಲೋಕವೆಲ್ಲ ಬಿದ್ದುಹೋಗುತ್ತದೆ. ತಾಯಿಯ ಕಾಲಿಗೆ ಈ ವೈರು ಐದು ನಿಮಿಷಕ್ಕೊಮ್ಮೆ ತೊಡರುತ್ತದೆ. "ಅಮ್ಮಾ ಸುಸ್ಸು", "ಅಮ್ಮಾ ಹಸಿವು", "ಲೇ, ಟಿಕೆಟ್ ನಿನ್ನ ಹತ್ರ ಇದ್ಯಾ?" ಪಾರ್ಕಿನವರು ಕೋಟ್ಯಂತರ ಖರ್ಚು ಮಾಡಿ ಸುತ್ತ ದಿಬ್ಬ ಕಟ್ಟುತ್ತಾರೆ. ನಾವು ಹೊರಗಿನ ಲೋಕವನ್ನೆಲ್ಲ ಬ್ಯಾಗಿನಲ್ಲಿ ತುಂಬಿಕೊಂಡೇ ಒಳಗೆ ಹೋಗುತ್ತೇವೆ!

ಕ್ಯೂ ವಿಷಯವನ್ನೇ ನೋಡಿ. ಸುಮ್ಮನೆ ಕಾಯುವ ಸಮಯ ಉದ್ದ ಅನ್ನಿಸುತ್ತದೆ, ಏನಾದರೂ ಮಾಡುತ್ತ ಕಾಯುವ ಸಮಯ ಚಿಕ್ಕದು ಅನ್ನಿಸುತ್ತದೆ ಎಂದು ಡೇವಿಡ್ ಮೈಸ್ಟರ್ ಎನ್ನುವವರು 1985ರಲ್ಲಿ ಬರೆದರು. ಎಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಇನ್ನೂ ಉದ್ದ. ಅದಕ್ಕೇ ದೊಡ್ಡ ಪಾರ್ಕುಗಳಲ್ಲಿ ಕ್ಯೂ ನಿಲ್ಲುವ ಜಾಗವನ್ನೂ ಗುಹೆಯ ಹಾಗೆ, ಹಳೇ ಅರಮನೆಯ ಹಾಗೆ ಕಟ್ಟಿ, ಇನ್ನೆಷ್ಟು ನಿಮಿಷ ಎಂದು ಬೋರ್ಡು ಹಾಕುತ್ತಾರೆ. ನಮ್ಮ ಕುಟುಂಬಗಳಲ್ಲಿ ಮಕ್ಕಳ ಕಾಯುವ ಸಮಯವನ್ನು ತುಂಬುವುದು ಗೋಡೆಯ ಚಿತ್ರಗಳಲ್ಲ, ಅಮ್ಮ. ಕಥೆ ಹೇಳುವವಳು ಅಮ್ಮ, ಅಂತ್ಯಾಕ್ಷರಿ ಆಡಿಸುವವಳು ಅಮ್ಮ. ಮಕ್ಕಳಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅಮ್ಮ ಕ್ಯೂನಲ್ಲಿ ಕಾಯುವುದೇ ಇಲ್ಲ, ಕೆಲಸ ಮಾಡುತ್ತಿರುತ್ತಾಳೆ.

ಹಾಗಂತ ಈ ಬ್ಯಾಗು ಹಿಡಿಯುವುದು ಬರೀ ಹೊರೆ ಎಂದು ದೂರಲು ನಾನು ಬಂದಿಲ್ಲ. ಇನ್ನೊಂದು ಪಾರ್ಕಿನಲ್ಲಿ, ಹೆಸರು ಬೇಡ, ಒಮ್ಮೆ ಮಗಳನ್ನು ಭೂತದ ಮನೆಯಂಥ ಕತ್ತಲಾಟಕ್ಕೆ ಕರೆದುಕೊಂಡು ಹೋದೆ. ಆಗ ಅವಳಿಗೆ ಐದು ವರ್ಷ. ಹೊರಗೆ ಬಣ್ಣಬಣ್ಣದ ಚಿತ್ರ ನೋಡಿ ತಮಾಷೆಯಾಗಿರುತ್ತದೆ ಅಂದುಕೊಂಡಿದ್ದೆ. ಒಳಗೆ ಸದ್ದು, ಮಿಂಚು, ಮುಖದ ಹತ್ತಿರ ಗಾಳಿ. ನಡುವೆ ಇಳಿಯುವ ಹಾಗಿಲ್ಲ. ನಾನು ಹೇಳಿದ ಎರಡನೇ ಬಗೆಯ ಮುಳುಗು ಇದು. ಮಗು ನಡುಗುತ್ತಿತ್ತು. ನನ್ನ ಕೈಯನ್ನು ಬಿಗಿಯಾಗಿ ಹಿಡಿದು, "ಅಮ್ಮಾ, ನೀನು ನೋಡ್ತಾ ಇದೀಯಲ್ಲ? ಹಾಗಾದ್ರೆ ನಾನು ಕಣ್ಣು ಮುಚ್ಕೋತೀನಿ" ಅಂದಳು.

ಯಾರೋ ಒಬ್ಬರು ಎಚ್ಚರವಾಗಿದ್ದಾರೆ ಅನ್ನುವ ಧೈರ್ಯವಿದ್ದರೆ ಮಾತ್ರ ಇನ್ನೊಬ್ಬರು ಮೈಮರೆಯಬಹುದು. ಮೈಮರೆಯುವ ಸುಖಕ್ಕೆ ಯಾರಾದರೊಬ್ಬರು ಎಚ್ಚರವಿರಲೇಬೇಕು. ನನ್ನ ತಕರಾರು ಎಚ್ಚರದ ಬಗ್ಗೆ ಅಲ್ಲ. ಪ್ರತಿ ಸಲವೂ ಒಬ್ಬರೇ ಎಚ್ಚರವಿರಬೇಕೇ ಎನ್ನುವುದಷ್ಟೇ.

ತಮಾಷೆ ಗೊತ್ತೇ? ಡಿಸ್ನಿಲ್ಯಾಂಡ್ ಎನ್ನುವ ಯೋಚನೆ ಹುಟ್ಟಿದ್ದೇ ಹೀಗೆ ಪಕ್ಕದಲ್ಲಿ ಕೂತವರ ಬೇಸರದಿಂದ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳಿಬ್ಬರು ಕುದುರೆ ಗಿರಗಟ್ಟೆಯಲ್ಲಿ ಸುತ್ತುತ್ತಿದ್ದಾಗ ವಾಲ್ಟ್ ಡಿಸ್ನಿ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕೂತಿರುತ್ತಿದ್ದರಂತೆ. ಮಕ್ಕಳೂ ಹೆತ್ತವರೂ ಒಟ್ಟಿಗೆ ಖುಷಿಪಡುವ ಜಾಗ ಬೇಕು ಎಂದು ಆಗ ಹೊಳೆಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ಒಬ್ಬ ಅಪ್ಪ ಕೆಲವು ಸಲ ಬೆಂಚಿನ ಮೇಲೆ ಕೂತು ಬೇಸರಪಟ್ಟಿದ್ದಕ್ಕೆ ಒಂದು ಡಿಸ್ನಿಲ್ಯಾಂಡ್ ಎದ್ದಿತು. ನಾವು ಎಷ್ಟು ಬೆಂಚುಗಳ ಮೇಲೆ ಎಷ್ಟು ವರ್ಷ ಕೂತಿಲ್ಲ!

ಆದರೆ ಈ ಪಾರ್ಕುಗಳವರು ಒಂದು ಒಳ್ಳೆಯ ಉಪಾಯ ಮಾಡಿದ್ದಾರೆ. ಅದಕ್ಕೆ 'ರೈಡರ್ ಸ್ವಿಚ್' ಎಂದು ಹೆಸರು. ಎತ್ತರ ಸಾಲದ ಚಿಕ್ಕ ಮಗುವಿದೆ, ಆಟಕ್ಕೆ ಬಿಡುವುದಿಲ್ಲ ಅಂದುಕೊಳ್ಳಿ. ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ, ಇನ್ನೊಬ್ಬರು ಆಡಿ ಬರುತ್ತಾರೆ. ಆಮೇಲೆ ಹೊರಗಿದ್ದವರು ಉದ್ದದ ಕ್ಯೂನಲ್ಲಿ ಮತ್ತೆ ಮೊದಲಿನಿಂದ ನಿಲ್ಲದೆ ಒಳಗೆ ಹೋಗಬಹುದು. ಇದು ಯಾರ ಔದಾರ್ಯವೂ ಅಲ್ಲ, ನಿಯಮ. ಬ್ಯಾಗು ಹಿಡಿದವರು "ಪರವಾಗಿಲ್ಲ, ನೀವು ಹೋಗಿ ಬನ್ನಿ" ಅನ್ನಬೇಕಾಗಿಲ್ಲ, ಅವರ ಸರದಿ ಮೊದಲೇ ಬರೆದಿಟ್ಟಿದೆ. ಸಾಫ್ಟ್‌ವೇರ್‌ನವಳಾಗಿ ನನಗೆ ಇದು ತುಂಬ ಇಷ್ಟವಾಯಿತು. ಮನುಷ್ಯರ ಒಳ್ಳೆಯತನದ ಮೇಲೆ ಭಾರ ಹಾಕಬೇಡಿ, ವ್ಯವಸ್ಥೆಯಲ್ಲೇ ಸೇರಿಸಿ ಎಂದು ನಾವು ಆಫೀಸಿನಲ್ಲಿ ದಿನಾ ಹೇಳುತ್ತೇವೆ. ಮನೆಗೆ ಬಂದ ತಕ್ಷಣ ಮರೆತುಬಿಡುತ್ತೇವೆ.

ಹೋದ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಇದನ್ನು ಮಾಡಿ ನೋಡಿದೆವು. ಮತ್ತೆ ಫಿಲ್ಮ್ ಸಿಟಿಗೇ ಹೊರಟೆವು. ಹೊರಡುವ ಮುಂಚೆ ಒಂದು ಚೀಟಿ ಬರೆದೆ. ಮೊದಲ ಎರಡು ಗಂಟೆ ಬ್ಯಾಗು ಮತ್ತು ಮಕ್ಕಳು ನಮ್ಮ ಮನೆಯವರ ಜವಾಬ್ದಾರಿ, ಆಮೇಲೆ ಎರಡು ಗಂಟೆ ನನ್ನದು, ಊಟವಾದ ಮೇಲೆ ಒಂದು ಗಂಟೆ ಮಾವನವರದು. ಅತ್ತೆಗೆ ಏನೂ ಇಲ್ಲ. ಮಾವ ಚೀಟಿ ನೋಡಿ, "ಇದೇನು, ಆಸ್ಪತ್ರೆ ಡ್ಯೂಟಿ ಹಾಗೆ" ಎಂದು ನಕ್ಕರು. ಅತ್ತೆಗೆ ನಗು ಬರಲಿಲ್ಲ. "ನಾನೇನು ಮಾಡ್ಲಿ ಹಂಗಾದ್ರೆ?" ಅಂದರು. ಆ ಪ್ರಶ್ನೆ ಕೇಳಿ ನನಗೆ ಸ್ವಲ್ಪ ಸಂಕಟವೇ ಆಯಿತು.

ಸುಲಭವಾಗಿ ನಡೆಯಿತು ಎಂದು ಸುಳ್ಳು ಹೇಳುವುದಿಲ್ಲ. ಮೊದಲ ಒಂದು ಗಂಟೆ ಅತ್ತೆ ನಿಮಿಷಕ್ಕೊಮ್ಮೆ ತಿರುಗಿ ನೋಡುತ್ತಿದ್ದರು. "ಮಗು ನೀರು ಕುಡಿದ್ಲಾ? ಟೋಪಿ ಹಾಕಿದ್ಯಾ?" ನಾನೂ ಅಷ್ಟೇ, ನಮ್ಮ ಮನೆಯವರು ಬ್ಯಾಗಿನ ಜಿಪ್ಪು ಹಾಕಿದ್ದಾರೋ ಇಲ್ಲವೋ ಎಂದು ಕಣ್ಣು ಅಲ್ಲೇ. ಅವರು ಒಂದು ನೀರಿನ ಬಾಟಲಿ ಎಲ್ಲೋ ಬಿಟ್ಟು ಬಂದರು. ನಾನು ಏನೂ ಅನ್ನಲಿಲ್ಲ. ಅನ್ನದೇ ಇರುವುದಕ್ಕೆ ಎಷ್ಟು ಶಕ್ತಿ ಬೇಕು ಅನ್ನುವುದು ಇಲ್ಲಿರುವವರಿಗೆಲ್ಲ ಗೊತ್ತು.

ಆಮೇಲೆ ಆ ಕೆಂಪು ಬಸ್ಸು ಹತ್ತಿದೆವು. ಅತ್ತೆ ಅಭ್ಯಾಸಬಲದಿಂದ ಈಚೆ ಸೀಟಿನಲ್ಲಿ ಕೂರಲು ಹೋದರು. ನಾನು, "ಇಲ್ಲ, ಇವತ್ತು ನೀವು ಆಚೆ ಕಡೆ" ಎಂದು ಅಂಚಿಗೆ ಕೂರಿಸಿದೆ. ಬಸ್ಸು ಬೀದಿಗಳನ್ನು ದಾಟಿ ರೈಲ್ವೆ ಸ್ಟೇಷನ್ ಸೆಟ್ಟಿನ ಹತ್ತಿರ ಬಂತು. ಗೈಡು ಮೈಕಿನಲ್ಲಿ ಸಿನಿಮಾಗಳ ಹೆಸರು ಹೇಳುತ್ತಿದ್ದ. ಅತ್ತೆಗೆ ಅದು ಕೇಳಿಸುತ್ತಿರಲಿಲ್ಲ. ಹೊರಗೇ ನೋಡುತ್ತಾ, "ಕೃಷ್ಣರಾಜನಗರದ ಸ್ಟೇಷನ್ನು" ಅಂದರು.

"ಏನತ್ತೆ?"

"ಮೈಸೂರಿಂದ ಅರಸೀಕೆರೆ ಗಾಡಿ ಬರೋದು, ಆಗ ಮೀಟರ್ ಗೇಜು. ಅಪ್ಪ ನನ್ನ ಹೊಳೆನರಸೀಪುರಕ್ಕೆ, ಅಜ್ಜಿ ಮನೆಗೆ ಕರ್ಕೊಂಡು ಹೋಗೋರು. ಕಿಟಕಿ ಪಕ್ಕ ನನ್ನೇ ಕೂರಿಸೋರು. ತಮ್ಮ ಎಷ್ಟು ಅತ್ತರೂ ಬಿಡ್ತಿರಲಿಲ್ಲ, ಅವಳು ಮೊದಲು ನೋಡ್ಲಿ ಅನ್ನೋರು." ಸ್ವಲ್ಪ ಹೊತ್ತು ಬಿಟ್ಟು, "ಮದುವೆ ಆದ್ಮೇಲೆ ಕಿಟಕಿ ಪಕ್ಕ ಕೂತಿದ್ದೇ ನೆನಪಿಲ್ಲ ನೋಡು. ಮೊದಲು ನಾದಿನಿ ಕೂರೋಳು, ಆಮೇಲೆ ಮಕ್ಕಳು, ಈಗ ಮೊಮ್ಮಕ್ಕಳು" ಅಂದರು. ದೂರು ಹೇಳುವ ದನಿಯಲ್ಲ. ಲೆಕ್ಕ ಹಾಕುತ್ತಿರುವ ದನಿ.

ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಅವರ ಅಪ್ಪನ ಬಗ್ಗೆ ಅವರು ನನಗೆ ಹೇಳಿದ್ದು ಅದೇ ಮೊದಲು. ಅದು ನಿಜವಾದ ಸ್ಟೇಷನ್ ಅಲ್ಲ, ಅಲ್ಲಿಂದ ಯಾವ ಊರಿಗೂ ಗಾಡಿ ಹೊರಡುವುದಿಲ್ಲ. ಆದರೂ ಅತ್ತೆ ಕೃಷ್ಣರಾಜನಗರದವರೆಗೂ ಹೋಗಿ ಬಂದರು. ಅಷ್ಟು ಹೊತ್ತು ಅವರು ಒಮ್ಮೆಯೂ ಹಿಂದೆ ತಿರುಗಿ ಮಗುವಿನ ಟೋಪಿ ನೋಡಲಿಲ್ಲ.

ಆದ್ದರಿಂದ ಗೆಳತಿಯರೇ, ನನ್ನ ಮಾತನ್ನು ಒಂದು ಪ್ರಸ್ತಾಪದೊಂದಿಗೆ ಮುಗಿಸುತ್ತೇನೆ. ಜನವರಿಯಲ್ಲಿ ನಮ್ಮ ಸಂಘದ ಕುಟುಂಬ ಪ್ರವಾಸ ಇದೆ. ಎಲ್ಲಿಗೆ ಎನ್ನುವುದನ್ನು ಸಮಿತಿಯವರು ತೀರ್ಮಾನಿಸಲಿ. ಆದರೆ ಬಸ್ಸಿನ ಪಟ್ಟಿ ಮಾಡುವಾಗ ಅದರ ಕೆಳಗೆ ಇನ್ನೊಂದು ಪಟ್ಟಿ ಮಾಡೋಣ. ಯಾವ ಎರಡು ಗಂಟೆ ಯಾರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ಯಾರು ಬುತ್ತಿ ಬಡಿಸುತ್ತಾರೆ, ಯಾರು ಹಿರಿಯರ ಜೊತೆ ನೆರಳಲ್ಲಿ ಕೂರುತ್ತಾರೆ ಎಂದು ಹೆಸರು ಸಮೇತ ಬರೆಯೋಣ. ಅದರಲ್ಲಿ ಅಣ್ಣಂದಿರ, ಭಾವಂದಿರ ಹೆಸರು ಅರ್ಧಕ್ಕೆ ಕಡಿಮೆ ಇರಬಾರದು. ಮರೆತರೆ ಮರೆಯಲಿ, ಒಂದೆರಡು ಬಾಟಲಿ ಕಳೆದರೆ ಕಳೆಯಲಿ. ಅರವತ್ತು ದಾಟಿದ ಎಲ್ಲ ಅಮ್ಮಂದಿರಿಗೂ ಕಿಟಕಿ ಪಕ್ಕದ ಸೀಟು ಎಂದು ಮೊದಲೇ ಬರೆದುಬಿಡೋಣ.

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಒಬ್ಬೊಬ್ಬರನ್ನೂ ಕೇಳುತ್ತೇನೆ, "ನೀವು ಏನು ನೋಡಿದಿರಿ?" ಎಂದು. ಉತ್ತರ ಸಿದ್ಧ ಮಾಡಿಕೊಳ್ಳಿ.

ಈ ಹೊತ್ತಿನಲ್ಲಿ ಮನೆಯಲ್ಲಿ ನನ್ನ ಮಕ್ಕಳನ್ನು ನೋಡಿಕೊಳ್ಳುತ್ತಿರುವ ನಮ್ಮ ಮನೆಯವರಿಗೆ, ಮತ್ತು ಮುಂದಿನ ಸಾಲಿನಲ್ಲಿ ಕೈಬೀಸಿಕೊಂಡು ಬಂದು ಕೂತಿರುವ ನಮ್ಮ ಅತ್ತೆಗೆ ನನ್ನ ವಂದನೆಗಳು.